ಐದು ತೂತುಗಳ ಪಾಠ

ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಕೇಪಿನ ಕೋವಿ ಎಂಬುದೊಂದು ಇರುತ್ತಿತ್ತು. ಅದು ತೋಟಾ ಹಾಕಿ ಹೊಡೆಯುವ ಬಂದೂಕಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಮೇಲೆ ಚರೆ ಹಾಕಿ, ಮತ್ತೆ ನಾರು ತುರುಕಿ, ಕೋಲಿನಿಂದ ದಟ್ಟಿಸಿ, ಕೊನೆಗೆ ಹಿಂಬದಿಯ ಪುಟ್ಟ ಕೊಳವೆಯ ಮೇಲೆ ತಾಮ್ರದ ಕೇಪು ಕೂರಿಸಿ ಹೊಡೆಯುವಂಥದು. ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದು ಇಟ್ಟುಕೊಂಡ ಕೋವಿಗಳು ಅವು. ಎಷ್ಟು ಮದ್ದು ಹಾಕಬೇಕು ಎಂದು ಕೇಳಿದರೆ ‘ಒಂದು ಈಡಿಗೆ ಆಗುವಷ್ಟು’ ಎಂಬ ಉತ್ತರ ಬರುತ್ತಿತ್ತು. ನನ್ನ ದೊಡ್ಡಪ್ಪನ ಬಳಿ ಬಿದಿರಿನ ಒಂದು ಪುಟ್ಟ ಗೊಟ್ಟವಿತ್ತು. ಅದರ ತುಂಬ ಮದ್ದು ಎಂದರೆ ಒಂದು ಈಡು. ಆ ಗೊಟ್ಟ ಅಷ್ಟೇ ಉದ್ದ ಏಕಿದೆ, ಒಂದು ಬೆರಳು ಗಿಡ್ಡವಿದ್ದರೆ ಏನಾಗುತ್ತಿತ್ತು ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಹಂದಿ ಹೆದರಿ ಗದ್ದೆಯಿಂದ ಓಡಿದರೆ ಸಾಕಾಗಿತ್ತು. ಚರೆ ಎಲ್ಲಿ ಹೋಗಿ ಬಿತ್ತು ಎಂಬುದು ಯಾರಿಗೂ ಮುಖ್ಯವಾಗಿರಲಿಲ್ಲ.

‘ಎಷ್ಟು ಮದ್ದು?’ ಎಂಬ ಇಷ್ಟು ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಒಬ್ಬ ಮನುಷ್ಯ ಎಷ್ಟು ಪಾಡು ಪಡಬಹುದು ಎಂಬುದನ್ನು ನಾನು ಕಂಡದ್ದು 2016ರಲ್ಲಿ, ಅಮೆರಿಕದ ಇಂಡಿಯಾನ ರಾಜ್ಯದಲ್ಲಿ. ಮೂವತ್ತು ವರ್ಷ ಪಿ.ಯು. ತರಗತಿಗಳಿಗೆ ಭೌತಶಾಸ್ತ್ರ ಹೇಳಿ ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಒಂದು ಬೇಸಿಗೆ ಕಳೆಯಲು ಹೋಗಿದ್ದೆ. ಆ ರಾಜ್ಯದ ದಕ್ಷಿಣಕ್ಕೆ ಫ್ರೆಂಡ್‌ಶಿಪ್ ಎಂಬ ಚಂದದ ಹೆಸರಿನ ಒಂದು ಪುಟ್ಟ ಹಳ್ಳಿಯಿದೆ. ಬಾಯಿಂದ ಮದ್ದು ತುಂಬುವ ಹಳೆಯ ರೈಫಲ್ಲುಗಳ ಅಭಿಮಾನಿಗಳು 1933ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಸಂಘದ ಗುರಿ ಮೈದಾನ ಇರುವುದು ಅಲ್ಲಿಯೇ. ಅಂಥ ಅಭಿಮಾನಿಯೊಬ್ಬರು ನಮ್ಮ ನೆರೆಮನೆಯಲ್ಲಿದ್ದರು. ಲೇತು ಯಂತ್ರದ ಮುಂದೆ ನಿಂತು ಜೀವನ ಸವೆಸಿದ, ಎಪ್ಪತ್ತು ದಾಟಿದ ಅಜ್ಜ. ಹದಿನೈದು ವರ್ಷದ ಮೊಮ್ಮಗನಿಗಾಗಿ ಒಂದು ಕೇಪಿನ ರೈಫಲ್ಲನ್ನು ತಾವೇ ಕೂಡಿಸಿ ಸಿದ್ಧಪಡಿಸಿದ್ದರು. ಇನ್ನು ಅದಕ್ಕೆ ಒಪ್ಪುವ ಈಡು ಯಾವುದು ಎಂದು ಕಂಡುಹಿಡಿಯುವ ಕೆಲಸವೊಂದು ಉಳಿದಿತ್ತು. “ಪ್ರೊಫೆಸರೇ, ನೀವು ಪ್ರಯೋಗದ ಮನುಷ್ಯರಲ್ಲವೇ, ಬನ್ನಿ” ಎಂದು ಊರ ಹೊರಗಿನ ಗುರಿ ಮೈದಾನಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ನನ್ನ ಪಾಲಿಗಿದ್ದದ್ದು ನೋಡುವ ಕೆಲಸ ಮತ್ತು ಬರೆದುಕೊಳ್ಳುವ ಕೆಲಸ.

ದೊಡ್ಡಪ್ಪನ ಕೋವಿಗೂ ಈ ರೈಫಲ್ಲಿಗೂ ಇರುವ ವ್ಯತ್ಯಾಸ ನಳಿಗೆಯ ಒಳಗಿದೆ. ನಮ್ಮ ಕೋವಿಯ ನಳಿಗೆ ಒಳಗೆ ನುಣುಪು. ರೈಫಲ್ಲಿನ ನಳಿಗೆಯೊಳಗೆ ಉದ್ದಕ್ಕೂ ಸುರುಳಿಯಾಗಿ ಸಾಗುವ ಗೀರುಗಳಿರುತ್ತವೆ. ಈ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಹೊರಗೆ ಕಳಿಸುತ್ತವೆ. ತಿರುಗುವ ಬುಗುರಿ ಹೇಗೆ ನೆಟ್ಟಗೆ ನಿಲ್ಲುತ್ತದೆಯೋ ಹಾಗೆ ತಿರುಗುವ ಗುಂಡು ತನ್ನ ದಾರಿ ಹಿಡಿದು ಹೋಗುತ್ತದೆ. ನುಣುಪು ನಳಿಗೆಯ ಗುಂಡು ಗೋಡೆಗೆ ತಗಲುತ್ತ ಹೇಗೆ ಬೇಕೋ ಹಾಗೆ ತಿರುಗಿಕೊಂಡು ಹೊರಬೀಳುವುದರಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಕ್ರಿಕೆಟ್ಟಿನ ಸ್ಪಿನ್ ಚೆಂಡು ಗಾಳಿಯಲ್ಲಿ ವಾಲುವುದನ್ನು ಕಂಡವರಿಗೆ ಇದು ಹೊಸದಲ್ಲ.

ಇದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಬಂದ ಅವನ ತೋಪುವಿದ್ಯೆಯ ಪುಸ್ತಕವನ್ನು ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಜರ್ಮನ್ ಭಾಷೆಗೆ ತಂದು, ತನ್ನ ವಿವರಣೆಗಳನ್ನೂ ಸೇರಿಸಿದ. ನಮ್ಮ ವಿದ್ಯಾರ್ಥಿಗಳು ಸಂವೇಗದ ಪಾಠದಲ್ಲಿ ಓದುವ ‘ಬ್ಯಾಲಿಸ್ಟಿಕ್ ಪೆಂಡ್ಯುಲಮ್’, ಅಂದರೆ ತೂಗುವ ಮರದ ತುಂಡಿಗೆ ಗುಂಡು ಹೊಡೆದು ಗುಂಡಿನ ವೇಗ ಅಳೆಯುವ ಉಪಾಯ, ಈ ರಾಬಿನ್ಸನದೇ. ಅವನು ಕೊನೆಯುಸಿರೆಳೆದದ್ದು ನಮ್ಮ ದಕ್ಷಿಣ ಭಾರತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಎಂಜಿನಿಯರಾಗಿ ಬಂದವನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ತೋಪು, ಕೋವಿ ಎಂದರೆ ಕಣ್ಣಳತೆ, ಕೈಯಳತೆ ಎಂದಿದ್ದ ಕಾಲದಲ್ಲಿ ‘ಅಳೆದು ನೋಡೋಣ’ ಎಂದವನು ಅವನು.

ಮೈದಾನದಲ್ಲಿ ಅಜ್ಜ ಮಾಡುತ್ತಿದ್ದದ್ದೂ ಅದನ್ನೇ. ಅವರ ರೈಫಲ್ಲಿನ ನಳಿಗೆಯ ಒಳ ವ್ಯಾಸ ಅರ್ಧ ಇಂಚು. ಹಾಕುವ ಸೀಸದ ಗುಂಡಿನ ವ್ಯಾಸ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ, 0.490 ಇಂಚು. ತೂಕ ಸುಮಾರು ಹನ್ನೊಂದೂವರೆ ಗ್ರಾಂ. ಈ ಸಂದನ್ನು ತುಂಬುವುದು ಒಂದು ಬಟ್ಟೆಯ ಬಿಲ್ಲೆ. ಹಾಸಿಗೆ ಹೊಲಿಯುವಂಥ ಬಿಗಿ ನೆಯ್ಗೆಯ ಹತ್ತಿಬಟ್ಟೆಯನ್ನು ದುಂಡಗೆ ಕತ್ತರಿಸಿ, ಜಿಡ್ಡು ಸವರಿ, ಅದರ ಮೇಲೆ ಗುಂಡನ್ನಿಟ್ಟು ಎರಡನ್ನೂ ಒಟ್ಟಿಗೆ ನಳಿಗೆಗೆ ಇಳಿಸುತ್ತಾರೆ. ಸುರುಳಿ ಗೀರನ್ನು ಹಿಡಿದುಕೊಳ್ಳುವುದು ಆ ಬಟ್ಟೆ. ಬಟ್ಟೆ ತಿರುಗಿದಂತೆ ಗುಂಡೂ ತಿರುಗುತ್ತದೆ. ಹೊರಬಿದ್ದ ಮೇಲೆ ಬಟ್ಟೆ ಕಳಚಿ ನೆಲಕ್ಕೆ ಬೀಳುತ್ತದೆ, ಗುಂಡು ಮುಂದೆ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಮದ್ದಿನ ಪ್ರಮಾಣ ಒಂದು. ಮದ್ದಿನ ಹರಳು ಸಣ್ಣದೋ ದಪ್ಪದೋ ಎಂಬುದು ಎರಡು. ಗುಂಡಿನ ವ್ಯಾಸ ಮೂರು. ಬಟ್ಟೆಯ ದಪ್ಪ ನಾಲ್ಕು. ಜಿಡ್ಡು ಯಾವುದು, ಎಷ್ಟು ಎಂಬುದು ಐದು. ಕೋಲಿನಿಂದ ದಟ್ಟಿಸುವ ಒತ್ತಡ ಆರು. ಈಡಿಗೂ ಈಡಿಗೂ ನಡುವೆ ನಳಿಗೆ ಒರೆಸುವುದೋ ಬಿಡುವುದೋ ಎಂಬುದು ಏಳು. ಒಂದೇ ಕಾರ್ಖಾನೆಯ, ಒಂದೇ ಅಳತೆಯ ಎರಡು ನಳಿಗೆಗಳು ಕೂಡ ಒಂದೇ ಈಡನ್ನು ಮೆಚ್ಚುವುದಿಲ್ಲವಂತೆ. ಅಂಗೈ ಮೇಲೆ ಗುಂಡಿಟ್ಟು, ಅದು ಮುಚ್ಚುವಷ್ಟು ಮದ್ದು ಸುರಿದರೆ ಅದೇ ಸರಿಯಾದ ಈಡು ಎಂದು ಅಲ್ಲಿನ ಹಳಬರಲ್ಲಿ ಒಂದು ಮಾತಿದೆ. ಅಜ್ಜ ಅದಕ್ಕೆ ನಕ್ಕರು. “ಯಾರ ಅಂಗೈ?” ಎಂದರು. ದೊಡ್ಡಪ್ಪನ ಗೊಟ್ಟ ನೆನಪಾಗಿ ನಾನೂ ನಕ್ಕೆ.

ಏಳು ಸಂಗತಿಗಳಲ್ಲಿ ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಬದಲಾದದ್ದು ಯಾವುದರಿಂದ ಎಂದು ಬ್ರಹ್ಮನೂ ಹೇಳಲಾರ. ಆದ್ದರಿಂದ ಅಜ್ಜ ಬಟ್ಟೆ, ಗುಂಡು, ಜಿಡ್ಡು ಎಲ್ಲವನ್ನೂ ಇದ್ದಂತೆಯೇ ಇಟ್ಟು ಮದ್ದನ್ನು ಮಾತ್ರ ಬದಲಿಸಿದರು. ಮದ್ದನ್ನು ಅಳೆಯುವುದು ಗ್ರೇನ್ ಎಂಬ ಹಳೆಯ ಮಾನದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡು. ನಳಿಗೆ ಮಾಡಿದವರು ಕೊಟ್ಟಿದ್ದ ಕಾಗದದಲ್ಲಿ ಮದ್ದಿನ ಮೇಲಿನ ಮಿತಿಯನ್ನು ಸ್ಪಷ್ಟವಾಗಿ ಬರೆದಿತ್ತು. ಅದರ ಹತ್ತಿರಕ್ಕೂ ಹೋಗದೆ, 50 ಗ್ರೇನಿನಿಂದ ಶುರುಮಾಡಿ, ಐದೈದು ಗ್ರೇನ್ ಏರಿಸುತ್ತ 80ರವರೆಗೆ ಹೋಗುವುದೆಂದು ನಿಶ್ಚಯವಾಯಿತು. 50 ಗಜ ದೂರದಲ್ಲಿ ಗುರಿಯ ಕಾಗದ. ಮೇಜಿನ ಮೇಲೆ ಮರಳಿನ ಚೀಲ, ಅದರ ಮೇಲೆ ರೈಫಲ್ಲು. ಒಂದೊಂದು ಅಳತೆಗೆ ಐದೈದು ಈಡು, ಒಂದೊಂದು ಅಳತೆಗೂ ಹೊಸ ಕಾಗದ. ಕಾಗದದ ಮೂಲೆಯಲ್ಲಿ ತಾರೀಖು, ಮದ್ದು, ಬಟ್ಟೆ, ಹವಾಮಾನ. ಬರೆದುಕೊಳ್ಳುವುದು ನನ್ನ ಕೆಲಸವಾದ್ದರಿಂದ ಲ್ಯಾಬಿನ ರೆಕಾರ್ಡ್ ಪುಸ್ತಕದ ಮುಂದೆ ಕೂತಂತೆಯೇ ಆಯಿತು.

ಈ ಕೆಲಸದಲ್ಲಿ ಪ್ರಯೋಗಕ್ಕೆ ಒಡ್ಡಬಾರದ ಸಂಗತಿಗಳೂ ಇವೆ. ಇಂಥ ರೈಫಲ್ಲಿಗೆ ಕರಿಮದ್ದು ಅಥವಾ ಅದರ ಬದಲಿಗೆಂದೇ ತಯಾರಿಸಿದ ಮದ್ದು ಮಾತ್ರ ಹಾಕಬೇಕು. ಈಗಿನ ತೋಟಾಗಳ ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಸಿಡಿದು ಪ್ರಾಣಕ್ಕೇ ಬಂದೀತು. ಡಬ್ಬಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬಾರದು. ಒಳಗೆ ಹಿಂದಿನ ಈಡಿನ ಕಿಡಿ ಉಳಿದಿದ್ದರೆ ಡಬ್ಬಿಯೇ ಹೊತ್ತಿಕೊಂಡೀತು. ಗುಂಡು ಮದ್ದಿನ ಮೇಲೆ ಒತ್ತಾಗಿ ಕೂರಬೇಕು, ನಡುವೆ ಜಾಗ ಬಿಡಬಾರದು. ಇದಕ್ಕೆಂದು ಅಜ್ಜ ದಟ್ಟಿಸುವ ಕೋಲಿನ ಮೇಲೆ ಒಂದು ಗೆರೆ ಕೊರೆದಿದ್ದರು. ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ಬಂದರೆ ಗುಂಡು ಕೂತಿದೆ ಎಂದರ್ಥ. ಮೊಮ್ಮಗ ಪ್ರತಿ ಸಲವೂ ಗೆರೆ ತೋರಿಸಿದ ಮೇಲೆಯೇ ಕೇಪು ಕೈಗೆ ಸಿಗುತ್ತಿತ್ತು. ನಮ್ಮ ದೇಶದಲ್ಲಂತೂ ಕೋವಿ, ಮದ್ದು ಎರಡೂ ಕಾನೂನಿನ ಕಟ್ಟಿಗೆ ಒಳಪಟ್ಟವು. ನಾನು ಹೇಳಹೊರಟಿರುವುದು ಕೋವಿ ಹಿಡಿಯುವ ವಿಷಯವಲ್ಲ, ಪ್ರಯೋಗ ಮಾಡುವ ವಿಷಯ.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಬೆರಕೆ. ನೂರು ಭಾಗದಲ್ಲಿ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ ಎಂಬುದು ರೂಢಿಯ ಲೆಕ್ಕ. ಇದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಘನಪದಾರ್ಥವಾಗಿಯೇ ಉಳಿಯುತ್ತದೆ. ಕೆಲವು ದಟ್ಟ ಹೊಗೆಯಾಗಿ ಹೊರಗೆ ಹೋದರೆ ಮಿಕ್ಕದ್ದು ನಳಿಗೆಯ ಗೋಡೆಗೆ ಕಿಟ್ಟವಾಗಿ ಅಂಟುತ್ತದೆ. ಎರಡನೆಯ ಗುಂಡಿಗೆ ಸಿಗುವ ನಳಿಗೆ ಮೊದಲನೆಯದಕ್ಕೆ ಸಿಕ್ಕ ನಳಿಗೆಯಲ್ಲ! ಅದಕ್ಕೇ ಅಜ್ಜ ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಒಂದು ಸಲ ನಳಿಗೆಯೊಳಗೆ ಆಡಿಸುತ್ತಿದ್ದರು. ಐದು ಈಡಿಗೂ ಒಂದೇ ಸ್ಥಿತಿ ಸಿಗಲಿ ಎಂದು.

ಜಿಡ್ಡಿನ ಕೆಲಸವೂ ಇದೇ, ಕಿಟ್ಟ ಗಟ್ಟಿಯಾಗದಂತೆ ನೋಡಿಕೊಳ್ಳುವುದು. ನಮ್ಮ ಮಕ್ಕಳು ಇತಿಹಾಸದ ಪುಸ್ತಕದಲ್ಲಿ 1857ರ ದಂಗೆಯ ಕಾರಣಗಳಲ್ಲಿ ‘ಕೊಬ್ಬು ಸವರಿದ ತೋಟಾ’ ಎಂದು ಬಾಯಿಪಾಠ ಮಾಡುತ್ತಾರೆ. ತೋಟಾಕ್ಕೆ ಕೊಬ್ಬು ಏಕೆ ಸವರಬೇಕಿತ್ತು ಎಂದು ಯಾರೂ ಕೇಳುವುದಿಲ್ಲ. ಕಂಪನಿಯ ಸಿಪಾಯಿಗಳ ಕೈಗೆ ಆಗ ಬಂದ ಎನ್‌ಫೀಲ್ಡ್ ಬಂದೂಕು ಬಾಯಿಂದ ತುಂಬುವ ರೈಫಲ್ಲೇ, 1853ರ ಮಾದರಿ. ಕಾಗದದ ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡನ್ನು ಅದರ ಜಿಡ್ಡುಗಾಗದದ ಸಮೇತ ನಳಿಗೆಗೆ ಇಳಿಸಬೇಕಿತ್ತು. ಜಿಡ್ಡಿಲ್ಲದಿದ್ದರೆ ಕೆಲವೇ ಈಡುಗಳಲ್ಲಿ ಕಿಟ್ಟ ಕಟ್ಟಿ ಗುಂಡು ಇಳಿಯುವುದೇ ಕಷ್ಟ. ಆ ಜಿಡ್ಡು ದನದ್ದು, ಹಂದಿಯದು ಎಂಬ ಸುದ್ದಿ ಹಬ್ಬಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ತಿರುಗಿಬಿದ್ದ, ಮೇ 10ರಂದು ಮೀರತ್ ಹೊತ್ತಿಕೊಂಡಿತು. ದಂಗೆಗೆ ಬೇರೆ ಆಳವಾದ ಕಾರಣಗಳಿದ್ದವು, ನಿಜ. ಆದರೆ ಕಿಡಿಯಾದ ಆ ಜಿಡ್ಡಿನ ಹಿಂದೆ ಇಷ್ಟು ರಸಾಯನಶಾಸ್ತ್ರವಿದೆ.

ಮೈದಾನಕ್ಕೆ ಮರಳೋಣ. 50 ಗ್ರೇನಿನ ಮೊದಲ ಈಡನ್ನು ಹೊಡೆದವನು ಹುಡುಗ. ದೂರದರ್ಶಕದಲ್ಲಿ ನೋಡಿದರೆ ತೂತು ಕರಿಯ ಚುಕ್ಕೆಯ ನಟ್ಟನಡುವೆ! ಹುಡುಗ ಕುಣಿದ. ಅವನ ಅಪ್ಪನೂ ಬಂದಿದ್ದರು, ಅವರು ಮಗನ ಬೆನ್ನು ತಟ್ಟಿದರು. “ಸಿಕ್ಕಿತಲ್ಲ, 50 ಗ್ರೇನೇ ಸರಿ” ಎಂದರು. ಅಜ್ಜ ಮಾತ್ರ ಗಡಿಯಾರ ನೋಡಿದಂತೆ ಕಾಗದವನ್ನು ನೋಡಿ, “ಇನ್ನೂ ನಾಲ್ಕು ಹೊಡೆ” ಎಂದರು. ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು. ಐದು ತೂತುಗಳಲ್ಲಿ ತೀರಾ ದೂರದ ಎರಡರ ನಡುವೆ ನಾಲ್ಕಿಂಚು ಅಂತರ. ಮೊದಲ ತೂತು ನಡುವೆ ಬಿದ್ದದ್ದು ಬಿದ್ದದ್ದು, ಅಷ್ಟೇ. ನಡುವೆ ಬೀಳಬೇಕಾದ ಕಾರಣವೇನೂ ಇರಲಿಲ್ಲ.

60 ಗ್ರೇನಿಗೆ ಬರುವಾಗ ಇನ್ನೊಂದು ಸಂಗತಿ ನಡೆಯಿತು. ನಾಲ್ಕು ತೂತು ಒತ್ತಾಗಿ ಬಿದ್ದವು, ಐದನೆಯದು ಮೂರಿಂಚು ಆಚೆ. ದೂರದರ್ಶಕದಿಂದ ಕಣ್ಣು ತೆಗೆದು ಹುಡುಗ, “ಅಜ್ಜ, ಕುದುರೆ ಎಳೆಯುವಾಗ ನನ್ನ ಕೈ ಅಲುಗಿತು. ಅದನ್ನು ಬಿಟ್ಟು ಅಳೆಯೋಣ” ಎಂದ. ಅಜ್ಜ, “ತೂತು ನೋಡುವ ಮೊದಲು ಹೇಳಿದ್ದರೆ ಬಿಡುತ್ತಿದ್ದೆ. ನೋಡಿದ ಮೇಲೆ ಹೇಳಿದರೆ ಬಿಡುವುದಿಲ್ಲ” ಎಂದರು. ಒಳ್ಳೆಯ ಗುರಿಕಾರರಲ್ಲಿ ಇದೊಂದು ಪದ್ಧತಿ. ಹೊಡೆದ ಕೂಡಲೇ, ಕಾಗದ ನೋಡುವ ಮುಂಚೆಯೇ, ಅದು ಎಲ್ಲಿ ಬಿದ್ದಿರಬಹುದು ಎಂದು ಬಾಯಿಬಿಟ್ಟು ಹೇಳಬೇಕು. ಮನಸ್ಸಿಗೆ ಒಪ್ಪದ ಅಂಕಿಯನ್ನು ಆಮೇಲೆ ಒಂದು ನೆಪ ಹೇಳಿ ತೆಗೆದುಹಾಕುವ ಚಪಲಕ್ಕೆ ಇದಕ್ಕಿಂತ ಸರಳವಾದ ಮದ್ದನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಆ ಐದನೆಯ ತೂತನ್ನೂ ಸೇರಿಸಿಯೇ ಬರೆದೆ.

ಎರಡು ಬೆಳಗು ಹಿಡಿದು ಮೂವತ್ತೈದು ಈಡು ಮುಗಿದವು. ಕಾಗದಗಳನ್ನು ಸಾಲಾಗಿ ಹಾಸಿದಾಗ ಕಥೆ ತಾನೇ ಕಾಣಿಸಿತು. 50ರಲ್ಲಿ ಚದುರಿದ್ದ ತೂತುಗಳು ಬರಬರುತ್ತ ಹತ್ತಿರವಾಗಿ, 65ರಲ್ಲಿ ಎರಡಿಂಚಿನೊಳಗೆ ಕೂಡಿ, 75, 80ರಲ್ಲಿ ಮತ್ತೆ ಚದುರಿದ್ದವು. ಮದ್ದು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಸುಳ್ಳಾಯಿತು. ಏಕೆ ಎಂಬುದಕ್ಕೆ ಉತ್ತರ ನೆಲದ ಮೇಲಿತ್ತು. ಅಜ್ಜ ಮುಂದೆ ನಡೆದುಹೋಗಿ, ಹುಲ್ಲಿನಲ್ಲಿ ಬಿದ್ದಿದ್ದ ಬಟ್ಟೆಯ ಬಿಲ್ಲೆಗಳನ್ನು ಹೆಕ್ಕಿ ತಂದು ಬಿಡಿಸಿ ತೋರಿಸಿದರು. 65ರ ಬಿಲ್ಲೆ ಹೊಗೆ ಹಿಡಿದಿದ್ದರೂ ಇಡಿಯಾಗಿತ್ತು. ಅಂಚಿನ ಎಳೆ ಮಾತ್ರ ಬಿಚ್ಚಿತ್ತು. 80ರ ಬಿಲ್ಲೆಯ ನಡುವೆ ಸುಟ್ಟ ತೂತು. ಬಿಸಿ ಅನಿಲ ಬಟ್ಟೆಯನ್ನು ಸುಟ್ಟು ಗುಂಡಿನ ಪಕ್ಕದಿಂದ ನುಗ್ಗಿದರೆ ಗುಂಡು ಒಂದೇ ಸಮನೆ ತಿರುಗೀತು ಹೇಗೆ? ನಂತರದ ವಾರ ಮದ್ದನ್ನು 65ರಲ್ಲೇ ನಿಲ್ಲಿಸಿ ಬಟ್ಟೆಯನ್ನು ಮಾತ್ರ ಸ್ವಲ್ಪ ದಪ್ಪದ್ದಕ್ಕೆ ಬದಲಿಸಿದರು. ತೂತುಗಳು ಒಂದೂವರೆ ಇಂಚಿಗೆ ಕೂಡಿದವು. ಅಜ್ಜ ಅಷ್ಟಕ್ಕೂ ತೃಪ್ತರಾಗದೆ ಇನ್ನೊಂದು ದಿನ ಅದೇ ಈಡನ್ನು ಮತ್ತೆ ಹೊಡೆಸಿ, ಮತ್ತೆ ಅಷ್ಟೇ ಬಂದ ಮೇಲೆ ‘ಹೂಂ’ ಎಂದರು.

ಇದಿಷ್ಟೂ ಆಗುವವರೆಗೆ ತೂತುಗಳು ಗುರಿಯ ನಡುವೆ ಬೀಳುತ್ತಿವೆಯೇ ಎಂದು ಅಜ್ಜ ನೋಡಲೇ ಇಲ್ಲ. ಕೊನೆಯ ಗುಂಪು ಚುಕ್ಕೆಯಿಂದ ಮೂರಿಂಚು ಮೇಲೆ, ಎರಡಿಂಚು ಬಲಕ್ಕೆ ಇತ್ತು. ಹುಡುಗನ ಅಪ್ಪ ಮುಖ ಸಣ್ಣದು ಮಾಡಿಕೊಂಡು, “ಒಂದೂ ಗುರಿಗೆ ಬೀಳಲಿಲ್ಲವಲ್ಲ!” ಎಂದರು. “ಎಲ್ಲವೂ ಒಂದೇ ಕಡೆ ಬಿದ್ದಿವೆಯಲ್ಲ, ಅದೇ ಕಷ್ಟದ ಕೆಲಸ. ಉಳಿದದ್ದು ಹತ್ತು ನಿಮಿಷದ ಮಾತು” ಎಂದರು ಅಜ್ಜ. ಹಿಂದಿನ ಗುರಿಕಚ್ಚನ್ನು ಎಡಕ್ಕೆ ಒಂದಿಷ್ಟು ತಟ್ಟಿ ಸರಿಸಿ, ಒಂದಿಷ್ಟು ತಗ್ಗಿಸಿದರು. ಇಡೀ ಗುಂಪು ಚುಕ್ಕೆಗೆ ಇಳಿದು ಬಂತು. ಚದುರಿದ ಗುಂಪಾಗಿದ್ದರೆ ಕಚ್ಚನ್ನು ಎಷ್ಟು ಸರಿಸಿದರೂ ವ್ಯರ್ಥ. ಪ್ರತಿ ಈಡಿಗೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸುತ್ತ ಕೂತರೆ ಇನ್ನೂ ಕೆಡುತ್ತದೆ.

ಹಳೆಯ ರೈಫಲ್ಲಿನ ಚರಿತ್ರೆಯಲ್ಲಿ ಇಂಥ ತಾಳ್ಮೆಯ ದೊಡ್ಡ ಉದಾಹರಣೆ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್. ಎನ್‌ಫೀಲ್ಡ್ ರೈಫಲ್ಲುಗಳು ಒಂದರಂತೆ ಒಂದು ಇಲ್ಲವಲ್ಲ ಎಂದು ಬ್ರಿಟಿಷ್ ಸರಕಾರ 1854ರಲ್ಲಿ ಅವನ ಮೊರೆಹೊಕ್ಕಾಗ, ಒಳ್ಳೆಯ ರೈಫಲ್ಲು ಹೇಗಿರಬೇಕು ಎಂಬುದೇ ಇನ್ನೂ ಗೊತ್ತಿಲ್ಲ, ಮೊದಲು ಅದನ್ನು ತಿಳಿಯೋಣ ಎಂದ. ಮ್ಯಾಂಚೆಸ್ಟರಿನ ತನ್ನ ಮನೆಯ ಬಳಿ, ಗಾಳಿ ತಾಗದಂತೆ, 500 ಗಜ ಉದ್ದದ ಒಂದು ಮುಚ್ಚಿದ ಸಾಲೆಯನ್ನೇ ಕಟ್ಟಿಸಿದ. ಉದ್ದಕ್ಕೂ ತೆಳುಗಾಗದದ ಪರದೆಗಳು. ಗುಂಡು ಪ್ರತಿ ಪರದೆಯಲ್ಲಿ ಮಾಡಿದ ತೂತು ನೋಡಿ ಅದು ಸಾಗಿದ ದಾರಿಯನ್ನು ತಿಳಿಯುತ್ತಿದ್ದ. ಎನ್‌ಫೀಲ್ಡಿನ ಗೀರು 78 ಇಂಚಿಗೆ ಒಂದು ಸುತ್ತು ಸುತ್ತುತ್ತಿದ್ದರೆ, ಅವನು ಕಂಡುಕೊಂಡದ್ದು 20 ಇಂಚಿಗೆ ಒಂದು ಸುತ್ತು, ಜೊತೆಗೆ ಉದ್ದನೆಯ ಗುಂಡು. 1860ರಲ್ಲಿ ವಿಂಬಲ್ಡನ್ನಿನ ಸ್ಪರ್ಧೆಯನ್ನು ಉದ್ಘಾಟಿಸಿದ ವಿಕ್ಟೋರಿಯ ರಾಣಿ, ಚೌಕಟ್ಟಿಗೆ ಕಟ್ಟಿದ ವಿಟ್‌ವರ್ತ್ ರೈಫಲ್ಲಿನ ದಾರ ಎಳೆದಾಗ, 400 ಗಜ ದೂರದ ಗುರಿಯಲ್ಲಿ ಗುಂಡು ಬಿದ್ದದ್ದು ನಡುಬಿಂದುವಿನಿಂದ ಎರಡಿಂಚಿಗೂ ಕಡಿಮೆ ಅಂತರದಲ್ಲಿ. ನೋಡಿದವರು ಚಪ್ಪಾಳೆ ತಟ್ಟಿದ್ದು ಆ ಒಂದು ಈಡಿಗೆ. ಅದರ ಹಿಂದೆ ಮುಚ್ಚಿದ ಸಾಲೆಯೊಳಗೆ ವರ್ಷಗಟ್ಟಲೆ ತೂತು ಎಣಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಹುಡುಗನ ಅಪ್ಪನ ಮುಖ ನೋಡುವಾಗ ನನಗೆ ಹಳೆಯ ಒಂದು ಪ್ರಾಯೋಗಿಕ ಪರೀಕ್ಷೆ ನೆನಪಿಗೆ ಬಂತು. ಊರು, ಕಾಲೇಜಿನ ಹೆಸರು ಬೇಡ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ. ಉತ್ತರ 9.8 ಎಂದು ಎಲ್ಲ ಮಕ್ಕಳಿಗೂ ಮೊದಲೇ ಗೊತ್ತು. ಹನ್ನೊಂದು ಜನ 9.8ರ ಆಸುಪಾಸು ಬರೆದಿದ್ದರು. ಅವರಲ್ಲಿ ಎಷ್ಟು ಜನ ನಿಜವಾಗಿ ಆಂದೋಲನ ಎಣಿಸಿದ್ದರೋ ದೇವರೇ ಬಲ್ಲ. ಒಬ್ಬ ಹುಡುಗ ಮಾತ್ರ ನಾಲ್ಕು ಉದ್ದಗಳಿಗೆ ನಾಲ್ಕು ಅಳತೆ ಮಾಡಿ, ನಾಲ್ಕೂ 10.1ಕ್ಕೂ 10.2ಕ್ಕೂ ನಡುವೆ ಬಂದದ್ದನ್ನು ಬಂದಂತೆಯೇ ಬರೆದಿದ್ದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ‘ಉತ್ತರ ತಪ್ಪು’ ಎಂದು ಅಂಕ ಕಡಿದರು. ಅಳತೆಗಳು ಒಂದಕ್ಕೊಂದು ಹೊಂದುತ್ತವೆ, ಹುಡುಗ ಪ್ರಾಮಾಣಿಕ, ದೋಷ ಬೇರೆಲ್ಲೋ ಇರಬೇಕು ಎಂದು ನಾನು ಎಷ್ಟು ವಾದಿಸಿದರೂ ಅವರು ಒಪ್ಪಲಿಲ್ಲ.

ಸಂಜೆ ಹುಡುಗನನ್ನು ಕರೆದುಕೊಂಡು ಲ್ಯಾಬಿಗೆ ಹೋಗಿ ಅವನು ಬಳಸಿದ ಮೀಟರ್ ಸ್ಕೇಲನ್ನು ತೆಗೆದು ನೋಡಿದೆ. ಅದರ ತುದಿಯ ಎರಡು ಸೆಂಟಿಮೀಟರ್ ಮುರಿದುಹೋಗಿತ್ತು! 48 ಇದ್ದ ಉದ್ದವನ್ನು ಅದು 50 ಎಂದು ತೋರಿಸುತ್ತಿತ್ತು. ಅವನ ಅಂಕಿಗಳಲ್ಲೇ ಅದರ ಸುಳಿವೂ ಇತ್ತು. ದಾರ ಗಿಡ್ಡವಾದಷ್ಟೂ ಉತ್ತರ ಹೆಚ್ಚು ದೂರ ಸರಿದಿತ್ತು, ಏಕೆಂದರೆ ಗಿಡ್ಡ ದಾರದಲ್ಲಿ ಎರಡು ಸೆಂಟಿಮೀಟರಿನ ಪಾಲು ದೊಡ್ಡದು. ಅಜ್ಜ ಹುಲ್ಲಿನಿಂದ ಹೆಕ್ಕಿದ ಬಟ್ಟೆಯ ಬಿಲ್ಲೆಯಂತೆ, ಓದಬಲ್ಲವರಿಗೆ ಆ ನಾಲ್ಕು ಅಂಕಿಗಳೇ ರೋಗ ಹೇಳುತ್ತಿದ್ದವು. ಪುಸ್ತಕದ ಮಾತಿನಲ್ಲಿ ಹೇಳುವುದಾದರೆ, ಅಂಕಿಗಳು ಮನಬಂದಂತೆ ಚದುರುವುದು ಯಾದೃಚ್ಛಿಕ ದೋಷ. ಒಟ್ಟಾಗಿ ಒಂದೇ ಕಡೆಗೆ ಸರಿಯುವುದು ಕ್ರಮಬದ್ಧ ದೋಷ. ಮೊದಲನೆಯದು ಕಡಿಮೆಯಾಗಬೇಕಾದರೆ ಹೆಚ್ಚು ಅಳತೆ ಬೇಕು. ಅಳತೆ ನಾಲ್ಕು ಪಟ್ಟಾದರೆ ಸರಾಸರಿಯ ಅನಿಶ್ಚಿತತೆ ಅರ್ಧವಾಗುತ್ತದೆ. ಎರಡನೆಯದಕ್ಕೆ ಸಾವಿರ ಸಲ ಅಳೆದರೂ ಪ್ರಯೋಜನವಿಲ್ಲ. ಸ್ಕೇಲು ಬದಲಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಆ ಹುಡುಗ, “ಸಾರ್, ಮುಂದಿನ ಸಲ 9.8 ಅಂತಲೇ ಬರೆದುಬಿಡಲಾ?” ಎಂದು ಕೇಳಿದ. ಅವನು ವ್ಯಂಗ್ಯವಾಗಿ ಕೇಳಿದ್ದಲ್ಲ. ಅಂಕ ಹೋಗಿತ್ತು, ಮನೆಯಲ್ಲಿ ಉತ್ತರ ಹೇಳಬೇಕಿತ್ತು. “ಬೇಡಪ್ಪ. ನಿನ್ನ ಕೈ ಸರಿ ಇದೆ, ಸ್ಕೇಲು ಸರಿ ಇಲ್ಲ. 9.8 ಎಂದು ಬರೆದಿದ್ದರೆ ಈ ಮುರಿದ ಸ್ಕೇಲು ಇನ್ನೂ ಹತ್ತು ವರ್ಷ ಇಲ್ಲೇ ಇರುತ್ತಿತ್ತು” ಎಂದೆ. ಮರುದಿನವೇ ಆ ಸ್ಕೇಲನ್ನು ಲ್ಯಾಬಿನಿಂದ ಹೊರಗೆ ಹಾಕಿಸಿದೆ. ಅವನ ಅಂಕ ಮಾತ್ರ ವಾಪಸು ಬರಲಿಲ್ಲ.

ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ. ಓದುವ ವೇಳೆ, ಪುಸ್ತಕ, ಟ್ಯೂಷನ್ನು, ಕೂರುವ ಜಾಗ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿ ಫಲ ನೋಡಬೇಡಿ. ಒಂದನ್ನು ಬದಲಿಸಿ, ಉಳಿದದ್ದನ್ನು ಇದ್ದಂತೆ ಇಡಿ. ಒಂದು ಪರೀಕ್ಷೆಯಲ್ಲಿ ಚುಕ್ಕೆಯ ನಡುವೆ ಬಿದ್ದರೆ ಕುಣಿಯಬೇಡಿ, ಆಚೆ ಬಿದ್ದರೆ ಅಳಬೇಡಿ. ಇನ್ನೂ ನಾಲ್ಕು ಹೊಡೆಯಿರಿ. ಬಂದ ಅಂಕಿಯನ್ನು ಬಂದಂತೆ ಬರೆಯಿರಿ.

ತಂದೆತಾಯಿಯರಿಗೆ ಒಂದು ಮಾತು. ಒಂದೊಂದು ಪರೀಕ್ಷೆಯ ಅಂಕ ಬಂದಾಗಲೂ ಗುರಿಕಚ್ಚು ಸರಿಸಲು ಹೊರಡಬೇಡಿ. ಮೊದಲು ತೂತುಗಳು ಚದುರಿವೆಯೋ ಕೂಡಿವೆಯೋ ನೋಡಿ. ಚದುರಿದ್ದರೆ ಮನೆಯಲ್ಲಿ, ನಿದ್ದೆಯಲ್ಲಿ, ಅಭ್ಯಾಸದಲ್ಲಿ ಏನೋ ದಿನಕ್ಕೊಂದು ಬಗೆಯಾಗುತ್ತಿದೆ. ಅದನ್ನು ಹುಡುಕಿ. ಕೂಡಿದ್ದೂ ನೀವು ಬಯಸಿದ ಚುಕ್ಕೆಯಿಂದ ಆಚೆ ಇದ್ದರೆ, ಆ ಮಗುವಿನ ಕೈ ನಿಂತಿದೆ ಎಂದು ತಿಳಿಯಿರಿ. ಆ ಚುಕ್ಕೆಯನ್ನು ಅಲ್ಲಿ ಇಟ್ಟವರು ಯಾರು ಎಂಬುದನ್ನೂ ಒಮ್ಮೆ ಯೋಚಿಸಿ. ಬೈಯುವ ಮುಂಚೆ, ನಾವು ಅಳೆಯುತ್ತಿರುವ ಸ್ಕೇಲಿನ ತುದಿ ಮುರಿದಿದೆಯೇ ಎಂದು ಒಂದು ಸಲ ಕೈಯಾಡಿಸಿ ನೋಡುವುದು ಒಳ್ಳೆಯದು.